ರಿಲೇ ಪೆಟ್ಟಿಗೆಯ ತಿಕ್ಕಲಿರುವೆ

ಮೋಟಾರು ಕೋಣೆಯಲ್ಲಿ ನಿಂತು ಅವನು ಒಂದು ಸಲ ಸೀನಿದರೆ ಏಳು ಮಹಡಿ ಕೆಳಗೆ ಬಾಗಿಲ ಬಳಿ ಮಲಗಿದ ಬೆಕ್ಕು ಎದ್ದು ಕೂರುತ್ತಿತ್ತು. ಹಾಗಾಗಿ ಲಿಫ್ಟ್ ರಿಪೇರಿ ಕಸುಬಿನವರೆಲ್ಲ ಅವನನ್ನು ಗಂಟಲಣ್ಣ ಎಂದೇ ಕರೆಯುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಮೇಷ್ಟ್ರು ಕಿವಿ ಹಿಂಡಿದರೆಂದು ಅವರ ಕುರ್ಚಿಯನ್ನು ಕಿಟಕಿಯಿಂದಾಚೆ ಎಸೆದು, ಅದರ ಹಿಂದೆಯೇ ತಾನೂ ಹಾರಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಇವನಿಗೆ ಮೂಗಿಗಿಂತ ಒಂದು ಗೇಣು ಮುಂದಿರುತ್ತಿತ್ತು. ಮೊದಲು ಕೋಪ ಬಂದು ಬಾಗಿಲು ತಟ್ಟುತ್ತಿತ್ತು, ಹಿಂದಿನಿಂದ ಇವನು ಬರುತ್ತಿದ್ದ.

ಕೈ ಮಾತ್ರ ಅಪ್ಪಟ ಚಿನ್ನ. ಹಳೇ ಕಾಲದ ಲಿಫ್ಟುಗಳ ಹೊಟ್ಟೆಯೊಳಗಿನ ಸದ್ದು ಕೇಳಿಯೇ ಯಾವ ಬೇರಿಂಗು ಒಣಗಿದೆ, ಯಾವ ಹಗ್ಗ ಸಡಿಲವಾಗಿದೆ ಎಂದು ಹೇಳುತ್ತಿದ್ದ. ಆ ಕೆಲಸ ಕಲಿಸಿದ ಗುರು ಬಲಗೈಯ ಎರಡು ಬೆರಳು ಕಳೆದುಕೊಂಡವನು. ಲಿಫ್ಟು ಓಡಾಡುವ ಉದ್ದನೆಯ ಕೊಳವೆಗೆ ಕಸುಬಿನವರು ಬಾವಿ ಎನ್ನುತ್ತಾರೆ. "ಬಾವಿಯೊಳಗೆ ಬಾಯನ್ನ ನಂಬಬೇಡ" ಎನ್ನುವುದು ಗುರುವಿನ ಮೊದಲ ಪಾಠ. ಅಲ್ಲಿ ಕೂಗಿದ ಮಾತು ಗೋಡೆಗೆ ಬಡಿದು ಬಡಿದು ಕಲಸುಮೇಲೋಗರವಾಗುತ್ತದೆ. ಆದ್ದರಿಂದ ಸುತ್ತಿಗೆ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು ಬಾವಿಯೊಳಗೆ ಕೆಲಸ ಮಾಡುವವನು ಪಕ್ಕದ ಕಂಬಿಗೆ ಬಡಿಯಬೇಕು. ಒಂದು ಏಟು ನಿಲ್ಲಿಸು, ಎರಡು ಮೇಲೆ, ಮೂರು ಕೆಳಗೆ. ಮಾಳಿಗೆಯ ಮೋಟಾರು ಕೋಣೆಯಲ್ಲಿದ್ದವನು ಅಷ್ಟೇ ಏಟು ತಿರುಗಿ ಬಡಿದು, ಆಮೇಲೆ ಕದಲಿಸಬೇಕು. ಬಾವಿಯಲ್ಲಿ ನಿಂತವನು ಯಜಮಾನ, ಮೇಲಿದ್ದವನು ಆಳು. ಗಂಟಲಣ್ಣ ಮುರಿಯದ ಕಟ್ಟಳೆ ಪ್ರಪಂಚದಲ್ಲಿ ಇದೊಂದೇ.

ಅವನ ಜೊತೆ ಬಾವಿಗಿಳಿಯುತ್ತಿದ್ದವನು ಅವನ ಭಾಮೈದ, ಹೆಂಡತಿಯ ತಮ್ಮ. ತೆಳ್ಳಗಿನ ಆಳು, ತುಟಿಯ ಮೇಲೆ ಯಾವಾಗಲೂ ಯಾವುದೋ ಗುನುಗು. ಕೆಲಸ ಮಾಡುತ್ತಿದ್ದ ಮುದ್ರಣದ ಅಂಗಡಿ ಮುಚ್ಚಿದಾಗ ಅಕ್ಕನೇ ಅವನನ್ನು ಗಂಡನ ಮುಂದೆ ತಂದು ನಿಲ್ಲಿಸಿದ್ದಳು.

"ಇವನನ್ನ ನಿಮ್ಮ ಕೈಗೆ ಕೊಡ್ತಿದೀನಿ. ಕೈಯಲ್ಲಿ ಕೊಟ್ಟಿದ್ದನ್ನ ಕೈಯಲ್ಲೇ ವಾಪಸ್ ಕೊಡ್ಬೇಕು, ಗೋಣಿಚೀಲದಲ್ಲಲ್ಲ" ಎಂದಿದ್ದಳು.

"ನಿನ್ನ ತಮ್ಮನ್ನ ತುಂಬೋಕೆ ಗೋಣಿಚೀಲ ಯಾಕೆ, ಕಾಲುಚೀಲ ಸಾಕು" ಎಂದು ಗಂಟಲಣ್ಣ ನಕ್ಕಿದ್ದ. ಅವಳು ನಕ್ಕಿರಲಿಲ್ಲ.

ಆ ವಾರ ಅವರು, ಗಂಟಲಣ್ಣ ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಒಂದು ಹಳೇ ಕಟ್ಟಡದಲ್ಲಿ, ಲಿಫ್ಟಿನ ಬಾಗಿಲುಗಳು ಜಾರಲೆಂದು ಅಡಿಯಲ್ಲಿರುವ ಸವೆದ ಗುಂಡುಗಳನ್ನು ಬದಲಿಸುತ್ತಿದ್ದರು. ಕಟ್ಟಡದ ಉಸ್ತುವಾರಿ ಒಬ್ಬ ಹೆಂಗಸಿನದು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಎಲ್ಲರಿಗೂ ಕೀಲಿಯಮ್ಮ. ಅರವತ್ತು ದಾಟಿದ ಆಕೆಗೆ ಮಾಳಿಗೆಯ ಮೇಲೆ ಕುಂಡಗಳನ್ನು ಇಡುವ ಹುಚ್ಚು. ಮೋಟಾರು ಕೋಣೆಯ ಬಾಗಿಲವರೆಗೂ ಮೆಣಸಿನ ಗಿಡ, ಪುದೀನ, ಹೆಸರೇ ಇಲ್ಲದ ಬಳ್ಳಿ.

ಮೊದಲ ದಿನ ಕೆಲಸ ಮುಗಿಸಿ ಹೊರಬರುವಾಗ ಗಂಟಲಣ್ಣನ ಮೊಣಕಾಲ ಮೂಳೆಗೆ ಒಂದು ದೊಡ್ಡ ಕುಂಡ ತಗುಲಿತು. ನೋವಿಗಿಂತ ಮೊದಲು ಕಾಲೆತ್ತಿ ಒದ್ದಾಗಿತ್ತು. ಕುಂಡ ಎರಡು ಹೋಳಾಯಿತು. ಪಕ್ಕದ್ದಕ್ಕೆ ಬಡಿದು ಅದೂ ಉರುಳಿತು. ಅಡಿಯಲ್ಲಿ ಮುಚ್ಚಿಕೊಂಡಿದ್ದ ತೇವದ ಜಾಗದಿಂದ ಕಪ್ಪಿರುವೆಗಳು ಚೆಲ್ಲಿದ ಸಾಸಿವೆಯ ಹಾಗೆ ನಾಲ್ಕೂ ದಿಕ್ಕಿಗೆ ಹರಡಿದವು, ಬಾಯಲ್ಲಿ ಬಿಳಿಯ ಮೊಟ್ಟೆಗಳು.

"ಅಯ್ಯೋ ನಿನ್ನ ಕಾಲು ಸೇದಿಹೋಗ! ಹೂ ಬಿಟ್ಟಿತ್ತು ಕಣೋ ಅದು!" ಎಂದು ಕೀಲಿಯಮ್ಮ ಬಾಯಿ ಬಡಿದುಕೊಂಡಳು.

"ಹೂ ಬಿಡೋದು ತೋಟದಲ್ಲಿ. ನಾನು ಓಡಾಡೋ ದಾರೀಲಲ್ಲ" ಎಂದು ಗಂಟಲಣ್ಣ ಹೊರಟೇ ಹೋದ. ಹಿಂತಿರುಗಿ ನೋಡಲಿಲ್ಲ.

ಆ ಇರುವೆಗಳ ಸಮಾಚಾರ ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಸುಬಿನವರು ಅವನ್ನು ತಿಕ್ಕಲಿರುವೆ ಎನ್ನುತ್ತಾರೆ. ಎಳ್ಳುಕಾಳಿನಷ್ಟು ಮೈ, ಬೆಳಕು ಬಿದ್ದರೆ ಕಪ್ಪಿನ ಮೇಲೆ ನೇರಳೆಯ ಹೊಳಪು. ಕಾಲು, ಮೀಸೆ ಎರಡೂ ಮೈಗೆ ಹೊಂದದಷ್ಟು ಉದ್ದ, ಅಣ್ಣನ ಪ್ಯಾಂಟು ತೊಟ್ಟ ತಮ್ಮನ ಹಾಗೆ. ಬೇರೆ ಇರುವೆಗಳು ಸಾಲು ಹಿಡಿದು ಮರ್ಯಾದೆಯಾಗಿ ನಡೆದರೆ ಇವು ಏನೋ ಮರೆತು ಬಂದವರಂತೆ ಅತ್ತ ಓಡಿ, ಇತ್ತ ಓಡಿ, ಸುತ್ತು ಹೊಡೆಯುತ್ತವೆ. ಹಾಗೆಂದು ಬುದ್ಧಿ ಇಲ್ಲ ಎಂದುಕೊಂಡರೆ ಕೆಟ್ಟಿರಿ. ಸತ್ತ ಜಿರಳೆಯೊಂದು ಸಿಕ್ಕಲಿ, ಒಂದು ಗುಂಪೇ ಸೇರಿ ಎತ್ತಿಕೊಂಡು, ಅಡ್ಡ ಬಂದದ್ದನ್ನು ಬಳಸಿಕೊಂಡು, ಕಳ್ಳರು ಬೀರು ಸಾಗಿಸಿದಂತೆ ಸಾಗಿಸಿಬಿಡುತ್ತವೆ. ಗಿಡದ ಹೇನುಗಳನ್ನು ಹಸು ಸಾಕಿದ ಹಾಗೆ ಸಾಕಿ ಅವುಗಳ ಸಿಹಿರಸ ಕುಡಿಯುತ್ತವೆ. ಕೀಲಿಯಮ್ಮನ ಮೆಣಸಿನ ಗಿಡದಲ್ಲಿ ಅಂಥ ಕೊಟ್ಟಿಗೆಗೆ ಕೊರತೆಯಿರಲಿಲ್ಲ. ಕುಟುಕುವ ಮುಳ್ಳಿಲ್ಲ, ಬದಲಿಗೆ ಬಾಲದ ತುದಿಯಿಂದ ಹುಳಿಯಾದ ಒಂದು ನೀರು ಚಿಮ್ಮಿಸುತ್ತವೆ. ಹಡಗು, ಕುಂಡ, ಸಾಮಾನಿನ ಪೆಟ್ಟಿಗೆ, ಏನು ಸಿಕ್ಕರೆ ಅದನ್ನು ಹತ್ತಿ ಮನುಷ್ಯನ ಬೆನ್ನ ಹಿಂದೆಯೇ ಭೂಮಿಯನ್ನೆಲ್ಲ ಸುತ್ತಿವೆ. ಬಿಸಿಲಿನ ದೇಶಗಳಲ್ಲಿ ಅಂಗಳದಲ್ಲಿರುತ್ತವೆ, ಹಿಮ ಬೀಳುವ ದೇಶಗಳಲ್ಲಿ ಬಿಸಿನೀರಿನ ಕೊಳವೆಯ ಮಗ್ಗುಲಲ್ಲಿ.

ಒಂದು ಗೂಡಿಗೆ ಒಬ್ಬಳೇ ರಾಣಿ ಎಂಬ ನಿಯಮವೂ ಇಲ್ಲ. ಎಷ್ಟೋ ರಾಣಿಯರು ಒಂದೇ ಗೂಡಿನಲ್ಲಿ ವಾರಗಿತ್ತಿಯರ ಹಾಗೆ ಇರುತ್ತಾರೆ, ವಾರಗಿತ್ತಿಯರ ಜಗಳವೊಂದನ್ನು ಬಿಟ್ಟು. ಇರುವೆಗಳನ್ನೇ ಓದಿಕೊಂಡ ಪಂಡಿತರು ಹೇಳುವುದನ್ನು ಕೇಳಿದರೆ ತಲೆ ತಿರುಗುತ್ತದೆ. ಹೊಸ ರಾಣಿ ಎಂದರೆ ತಾಯಿಯದೇ ಪಡಿಯಚ್ಚು, ಗಂಡು ಎಂದರೆ ತಂದೆಯದೇ ಪಡಿಯಚ್ಚು, ದುಡಿಯುವ ಆಳುಗಳಲ್ಲಿ ಮಾತ್ರ ಎರಡೂ ಕಡೆಯ ರಕ್ತ ಬೆರೆಯುತ್ತದಂತೆ. ಒಡಹುಟ್ಟಿದವುಗಳೇ ಕೂಡಿದರೂ ಸಂತಾನ ಕೆಡದು. ಅದಕ್ಕೇ ಹಿಡಿಯಷ್ಟು ಇರುವೆ ಎಲ್ಲಿ ಬಿದ್ದರೂ ಸಂಸಾರ ಹೂಡುತ್ತದೆ. ಸ್ವಂತ ಮನೆಯ ಮೋಹವಂತೂ ಇಲ್ಲವೇ ಇಲ್ಲ. ಗೂಡಿಗೆ ಒಂದು ಪೆಟ್ಟು ಬಿದ್ದರೆ ಸಾಕು, ಮೊಟ್ಟೆ ಮರಿ ಕಚ್ಚಿಕೊಂಡು ಬೆಚ್ಚಗಿನ ಇನ್ನೊಂದು ಸಂದು ಹುಡುಕಿಕೊಂಡು ಹೊರಡುತ್ತವೆ.

ಆ ಮಾಳಿಗೆಯ ಮೇಲೆ ರಿಲೇ ಪೆಟ್ಟಿಗೆಗಿಂತ ಬೆಚ್ಚಗಿನ ಸಂದು ಯಾವುದಿತ್ತು?

ರಿಲೇ ಎಂದರೆ ಮತ್ತೇನಲ್ಲ, ಕರೆಂಟು ಬಂದರೆ ಮುಂದಕ್ಕೆ ಜಿಗಿದು, ಹೋದರೆ ಹಿಂದಕ್ಕೆ ಬೀಳುವ ತಗಡಿನ ನಾಲಿಗೆ. ಹಳೇ ಲಿಫ್ಟಿನ ಬುದ್ಧಿಯೆಲ್ಲ ಇಂಥ ನಾಲಿಗೆಗಳಲ್ಲೇ ಇರುತ್ತದೆ. ಅವುಗಳ ಪೆಟ್ಟಿಗೆಗೆ ತಿರುಪು ಬಿಗಿದ ಭಾರದ ಮುಚ್ಚಳ. ಪ್ರತಿ ಸಲ ತಿರುಪು ಬಿಚ್ಚುವ ತಾಳ್ಮೆ ಗಂಟಲಣ್ಣನಿಗೆಲ್ಲಿ? ಮುಚ್ಚಳದಲ್ಲಿ ಒಂದು ಕಿಂಡಿ ಕೊರೆದುಕೊಂಡಿದ್ದ. ಅದರೊಳಗೆ ಮರದ ಕೋಲು ತೂರಿಸಿ, ಬೇಕಾದ ನಾಲಿಗೆಯನ್ನು ಒತ್ತಿ, ಲಿಫ್ಟನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಕಣ್ಣು ಮುಚ್ಚಿಕೊಂಡೇ ಒತ್ತಬಲ್ಲೆ ಎನ್ನುವುದು ಅವನ ಜಂಬ. ಮುಚ್ಚಳ ತೆಗೆದು ಒಳಗೆ ನೋಡಿ ಎಷ್ಟು ಕಾಲವಾಗಿತ್ತೋ ಅವನಿಗೇ ನೆನಪಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿನ ಬಾಗಿಲಲ್ಲೇ ಜಗಳ ಹತ್ತಿಕೊಂಡಿತು. ಭಾಮೈದ ಗ್ರೀಸಿನ ಡಬ್ಬಿ ಮನೆಯಲ್ಲಿ ಮರೆತು ಬಂದಿದ್ದ. ಗಂಟಲಣ್ಣ ಓಡಾಡುವ ಜನರೆದುರೇ ಶುರುಮಾಡಿದ. ಹೊರಗಿನಿಂದ ಬಂದ ಏಳನೇ ಮಹಡಿಯ ಕನ್ನಡಕದವರೊಬ್ಬರು ಛತ್ರಿ ಹಿಡಿದು ನಿಂತು ಪೂರ್ತಿ ಕೇಳಿಸಿಕೊಂಡರು.

ಮೆಟ್ಟಿಲು ಹತ್ತುವಾಗ ಭಾಮೈದ ಹೇಳಿದ, "ಭಾವ, ಬೈಯಿರಿ, ಬೇಡ ಅನ್ನಲ್ಲ. ಆದ್ರೆ ನಾಲ್ಕು ಜನರ ಮುಂದೆ ಬೇಡ. ನನಗೂ ಮಾನ ಮರ್ಯಾದೆ ಇದೆ."

"ಎಲ್ಲಿ, ತೋರಿಸು ನೋಡೋಣ! ಅದನ್ನೂ ಮನೇಲೇ ಮರೆತು ಬಂದಿದೀಯ!"

"ನಗಬೇಡಿ. ಇನ್ನೊಂದು ಸಲ ಹೀಗೆ ಮಾಡಿದ್ರೆ ಬೇರೆಯವರ ಜೊತೆ ಸೇರ್ಕೋತೀನಿ."

ಗಂಟಲಣ್ಣನಿಗೆ ಆ ಮಾತು ಉಳಿಯಂತೆ ತಾಗಿತು. "ಸೇರ್ಕೋ ಹೋಗು! ಇನ್ನೊಂದು ಮಾತಾಡಿದ್ರೆ ಕೋಲು ಒತ್ತಿ ನಿನ್ನ ಚಾವಣಿಗೆ ಅಂಟಿಸಿಬಿಡ್ತೀನಿ, ಹಲ್ಲಿ ತರ!"

ಕೂಗು ಏಳೂ ಮಹಡಿಗೆ ಕೇಳಿಸಿತು. ಭಾಮೈದ ಗುನುಗದೆ, ತುಟಿ ಬಿಗಿದು, ಪೆಟ್ಟಿಗೆಯ ನೆತ್ತಿಯ ಮೇಲೆ ಇಳಿದ.

ಮಾಳಿಗೆಯಲ್ಲಿ ಕೀಲಿಯಮ್ಮ ಒಡೆದ ಕುಂಡದ ಗಿಡಕ್ಕೆ ಹಳೇ ಬಕೆಟ್ಟಿನಲ್ಲಿ ಮಣ್ಣು ತುಂಬುತ್ತಿದ್ದಳು. "ಲಿಫ್ಟು ಬೆಳಿಗ್ಗೆಯಿಂದ ಯಾಕೋ ಸರಿ ಇಲ್ಲ. ನಿಲ್ಲಬೇಕಾದ ಕಡೆ ತಡವಾಗಿ ನಿಲ್ತಿದೆ" ಎಂದಳು.

"ನೀವು ನಿಮ್ಮ ಬಕೆಟ್ ನೋಡ್ಕೊಳ್ಳಿ, ಕೀಲಿಯಮ್ಮ. ಲಿಫ್ಟು ನಾನು ನೋಡ್ಕೋತೀನಿ."

ಒಳಗೆ ಹೋಗಿ ಮೋಟಾರಿನ ಪಕ್ಕದ ಸ್ಟೂಲಿನ ಮೇಲೆ ಕುಳಿತ. ಬಾವಿಯಿಂದ ಎರಡು ಏಟು ಬಂದಾಗ ಎರಡು ಏಟು ಬಡಿದು, ಕಿಂಡಿಯಲ್ಲಿ ಕೋಲು ತೂರಿಸಿ ಲಿಫ್ಟಿನ ಪೆಟ್ಟಿಗೆಯನ್ನು ಮೇಲೆ ತಂದ. ಒಂದು ಏಟಿಗೆ ನಿಲ್ಲಿಸಿದ. ಪೆಟ್ಟಿಗೆಯ ನೆತ್ತಿ ಆರನೇ ಮಹಡಿಯ ಹೊಸ್ತಿಲಿಗಿಂತ ಮೊಣಕಾಲುದ್ದ ಕೆಳಗೆ ನಿಂತಿತು. ಭಾಮೈದ ನೆತ್ತಿಯ ಮೇಲಿದ್ದ ಕೆಂಪು ಗುಂಡಿಯನ್ನು ಒತ್ತಿದ. ಅದನ್ನು ಒತ್ತಿದರೆ ಒಂದು ನಾಲಿಗೆ ಹಿಂದಕ್ಕೆ ಬೀಳುತ್ತದೆ, ಆಮೇಲೆ ಯಾವ ಮಹಡಿಯಲ್ಲಿ ಯಾರು ಕರೆದರೂ ಲಿಫ್ಟು ಕದಲುವುದಿಲ್ಲ. ಕದಲಬಾರದು.

ಗಂಟಲಣ್ಣ ಬೆಳಗಿನ ಜಗಳವನ್ನೇ ಮೆಲುಕು ಹಾಕುತ್ತ ಕುಳಿತ. ಮುಚ್ಚಳದ ಮೇಲೆ ಇರುವೆ ಓಡಾಡುತ್ತಿದ್ದವು. ಒಂದನ್ನು ಹೆಬ್ಬೆರಳಿನಿಂದ ಹೊಸಕಿದ. ಹುಳಿ ವಾಸನೆ ಮೂಗಿಗೆ ಬಡಿಯಿತು. ಇನ್ನೆರಡು ಬಂದವು. ಅವನ್ನೂ ಹೊಸಕಿದ. ಈ ಜೀವಿಗಳಲ್ಲಿ ಒಂದಕ್ಕೆ ಪೆಟ್ಟಾದರೆ ಆ ವಾಸನೆಯೇ ಉಳಿದವಕ್ಕೆ ಕೂಗು. ಓಡಿ ಬನ್ನಿ, ಹೊಡೆದಾಟ ಇದೆ ಎಂದು ಅರ್ಥ. ಹೊಸಕಿದಷ್ಟೂ ಬಂದವು, ಬಂದಷ್ಟೂ ಹೊಸಕಿದ. ಮುಚ್ಚಳದ ಒಳಗೂ ನಡೆಯುತ್ತಿದ್ದುದು ಅದೇ. ತಗಡುಗಳ ನಡುವೆ ಸಿಕ್ಕಿ ಕರೆಂಟಿಗೆ ಸತ್ತ ಒಂದು ಇರುವೆ ವಾಸನೆ ಬಿಡುವುದು, ಕಾದಾಡಲು ಬಂದ ಹತ್ತು ಸಾಯುವುದು, ಅವುಗಳ ವಾಸನೆಗೆ ನೂರು ಬರುವುದು. ಹಿಂದಕ್ಕೆ ಬೀಳಬೇಕಾದ ನಾಲಿಗೆಯ ಬೆನ್ನ ಹಿಂದೆ ಸತ್ತ ಇರುವೆಗಳು ಕಲ್ಲಿನಂತೆ ಒತ್ತರಿಸಿಕೊಂಡಿದ್ದವು. ಕೆಂಪು ಗುಂಡಿ ಒತ್ತಿದರೂ ಆ ನಾಲಿಗೆ ಬಿದ್ದಿರಲಿಲ್ಲ.

ಅದೇ ಹೊತ್ತಿಗೆ ಏಳನೇ ಮಹಡಿಯ ಕನ್ನಡಕದವರು ಮತ್ತೆ ಕೆಳಗೆ ಹೋಗಲೆಂದು ಗುಂಡಿ ಒತ್ತಿದರು.

ರಿಲೇ ಪೆಟ್ಟಿಗೆಯೊಳಗೆ ಖಟ್ ಎಂದಿತು. ಏಟು ಬಾರದೆಯೇ ಮೋಟಾರು ತಿರುಗಿತು. ಗಂಟಲಣ್ಣ ಅದನ್ನು ಕಂಡ ಕ್ಷಣಕ್ಕೂ, ಕೆಳಗಿನಿಂದ ಆ ಚೀರಾಟ ಬಂದ ಕ್ಷಣಕ್ಕೂ ನಡುವೆ ಉಸಿರಿನಷ್ಟೂ ಅಂತರವಿರಲಿಲ್ಲ. ಹಾರಿ ಮೈನ್ ಸ್ವಿಚ್ಚು ಎಳೆದ. ಬ್ರೇಕು ದಡಾರನೆ ಕಚ್ಚಿಕೊಂಡಿತು.

ಹಗ್ಗಗಳು ಇಳಿಯುವ ರಂಧ್ರಕ್ಕೆ ಮುಖವಿಟ್ಟು ನೋಡಿದ. ಭಾಮೈದನ ಹಣೆಯ ದೀಪ ಅಲುಗಾಡುತ್ತಿತ್ತು. ಪೆಟ್ಟಿಗೆಯ ಅಂಚಿನಿಂದ ಚೂರು ಹೊರಗೆ ಚಾಚಿದ್ದ ಅವನ ಎಡಪಾದ, ಮೇಲೇರಿದ ಪೆಟ್ಟಿಗೆಗೂ ಹೊಸ್ತಿಲಡಿಯ ಕಬ್ಬಿಣದ ಅಂಚಿಗೂ ನಡುವೆ ಸಿಕ್ಕಿತ್ತು.

"ಕೈ ತೆಗಿ ಭಾವ! ಕೋಲು ಬಿಡು! ಮುಟ್ಬೇಡ, ಏನೂ ಮುಟ್ಬೇಡ!"

ಅಕ್ಕನ ಮದುವೆಯಾದಂದಿನಿಂದ ಭಾಮೈದ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ನಾನು ಮುಟ್ಟಿಲ್ಲ ಕಣೋ!" ಎಂದು ಗಂಟಲಣ್ಣ ಅರಚಿದ. ಬಾವಿ ಆ ಮಾತನ್ನು ಅಗಿದು ಗುಡುಗು ಮಾಡಿ ಕೆಳಗೆ ಉಗುಳಿತು.

"ಬೈತಿದ್ದಾನೆ! ಕಾಲು ಮುರಿದಿದ್ದಲ್ದೆ ಮೇಲಿಂದ ಬೈತಿದ್ದಾನೆ!" ಭಾಮೈದನ ದನಿ ಅಳುತ್ತಿತ್ತು.

ಆಗ ಗಂಟಲಣ್ಣನ ಕಣ್ಣು ಹಗ್ಗದ ಮೇಲೆ ಬಿತ್ತು. ಪ್ರತಿ ಮಹಡಿಯ ಗುರುತಿಗೆ ಹಗ್ಗಕ್ಕೆ ಬಿಳಿ ಬಣ್ಣ ಬಳಿದಿರುತ್ತಾರೆ. ಆ ಬಿಳಿ ಗೆರೆ ಕದಲುತ್ತಿತ್ತು. ದಾರದೆಳೆಯಷ್ಟು, ಮತ್ತೆ ದಾರದೆಳೆಯಷ್ಟು. ಬ್ರೇಕಿನ ಪಟ್ಟಿ ಸವೆದಿದೆ, ಈ ಕೆಲಸ ಮುಗಿದ ಮೇಲೆ ಬದಲಿಸೋಣ ಎಂದುಕೊಂಡಿದ್ದ. ಖಾಲಿ ಲಿಫ್ಟು ಕೆಳಕ್ಕೆ ಜಾರುತ್ತದೆ ಎಂದು ನಾವು ನೀವು ಭಾವಿಸುತ್ತೇವೆ. ಇಲ್ಲ. ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಎದುರುತೂಕ ಖಾಲಿ ಪೆಟ್ಟಿಗೆಗಿಂತ ಭಾರ. ಹಿಡಿತ ತಪ್ಪಿದರೆ ಪೆಟ್ಟಿಗೆ ಮೇಲಕ್ಕೇ ಹೋಗುತ್ತದೆ. ಆ ಪಾದದ ಮೇಲಕ್ಕೆ.

ಎರಡೂ ಕೈಯಿಂದ ಮೋಟಾರಿನ ಚಕ್ರವನ್ನು ತಬ್ಬಿ, ಗೋಡೆಗೆ ಕಾಲು ಕೊಟ್ಟು, ಇಡೀ ಮೈಯನ್ನು ಹಿಂದಕ್ಕೆ ಎಳೆದ. ಬಿಳಿ ಗೆರೆ ನಿಂತಿತು. ಇನ್ನು ಕೈ ಬಿಡುವಂತಿರಲಿಲ್ಲ.

ಚೀರಾಟ ಕೇಳಿ ಕೀಲಿಯಮ್ಮ ಮಣ್ಣು ಮೆತ್ತಿದ ಕೈಯಲ್ಲೇ ಒಳಗೆ ಬಂದಿದ್ದಳು. "ಏನಾಯ್ತೋ?"

"ಭಾಮೈದನ ಕಾಲು ಸಿಕ್ಕಿದೆ. ಆರನೇ ಮಹಡಿ. ನಿಮ್ಮ ಹತ್ರ ಬಾಗಿಲು ತೆಗಿಯೋ ಕೀಲಿ ಇದೆ, ಓಡಿ. ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡ್ಲಿ. ಅಲ್ಲಿ ಯಾರೂ ಏನೂ ಎಳೀಬಾರ್ದು. ಒಂದು ಹಿಡಿಯಷ್ಟು ಕೆಳಗಿಳಿಸಿದ್ರೆ ಕಾಲು ಬಿಡುತ್ತೆ. ಮೂರು ಏಟು ಹೊಡಿ ಅಂತ ಅವನಿಗೆ ಹೇಳಿ."

ಆಕೆ ಓಡಿದಳು. ರಂಧ್ರದ ಮೂಲಕ ಬಾಗಿಲು ಸರಿದ ಸದ್ದು, ಆಕೆಯ "ಅಪ್ಪಾ, ಹೆದರಬೇಡ" ಎನ್ನುವ ದನಿ ಕೇಳಿಸಿತು. ಆಮೇಲೆ ಭಾಮೈದನ ಉತ್ತರವೂ ಕೇಳಿಸಿತು.

"ಹೊಡೆಯಲ್ಲ. ಬೇರೆ ಯಾರನ್ನಾದ್ರೂ ಕರೆಸಿ. ಅವನ ಕೈಯಲ್ಲಿ ಬೇಡ. ಹಲ್ಲಿ ತರ ಅಂಟಿಸ್ತೀನಿ ಅಂದ, ಅಂಟಿಸಿದ. ಕೋಪ ಇಳಿಯೋವರೆಗೂ ಆ ಮನುಷ್ಯ ಏನೂ ಮುಟ್ಟಬಾರದು."

ಗಂಟಲಣ್ಣನ ಗಂಟಲಿಗೆ ಒಂದು ಬೈಗುಳ ಬಂದು ನಿಂತಿತು. ನುಂಗಿದ. ಕೀಲಿಯಮ್ಮ ಬಂದ ಕೂಡಲೇ ಬ್ರೇಕು ಸಡಿಲಿಸಿ, ಏಟಿಗೆ ಕಾಯದೆ ಚಕ್ರ ತಿರುಗಿಸಿ ಇಳಿಸಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಬಾವಿಯಲ್ಲಿದ್ದವನು ಯಜಮಾನ. ಅವನ ಪಾದ ಸರಿಯಾಗಿ ಹೇಗೆ ಸಿಕ್ಕಿದೆ ಎಂಬುದು ಅವನೊಬ್ಬನಿಗೇ ಗೊತ್ತು. ಅವನ ಇನ್ನೊಂದು ಕಾಲು ಎಲ್ಲಿದೆ, ಬೆನ್ನ ಹಿಂದೆ ಏನಿದೆ, ಕೈ ಯಾವುದನ್ನು ಹಿಡಿದಿದೆ, ಮೇಲಿದ್ದವನಿಗೆ ಏನು ಕಾಣುತ್ತದೆ? ಗುರುವಿನ ಇಲ್ಲದ ಬೆರಳುಗಳು ಇಂಥದೇ ಒಂದು ಅವಸರದಲ್ಲಿ ಹೋಗಿದ್ದವು.

ಇರುವೆಗಳು ಅಷ್ಟರಲ್ಲಿ ಅವನ ಮೊಣಕೈ ದಾಟಿದ್ದವು. ಮೋಟಾರು ತಿರುಗಿದಾಗಿನ ಅದುರುವಿಕೆಗೆ ಕಿಂಡಿಯಿಂದ ಗುಂಪುಗುಂಪಾಗಿ ಉಕ್ಕಿ, ರಿಲೇ ಪೆಟ್ಟಿಗೆಯಿಂದ ಮೋಟಾರಿಗೆ, ಮೋಟಾರಿನಿಂದ ಚಕ್ರಕ್ಕೆ, ಚಕ್ರದಿಂದ ಅವನ ತೋಳಿಗೆ. ಅಂಗಿಯ ಒಳಗೆ, ಕತ್ತಿನ ಮಡಿಕೆಯಲ್ಲಿ, ಕಿವಿಯ ತೂತಿನಲ್ಲಿ. ಕಚ್ಚುತ್ತಿರಲಿಲ್ಲ, ಸುಮ್ಮನೆ ಓಡುತ್ತಿದ್ದವು, ದಿಕ್ಕಿಲ್ಲದೆ, ಲಂಗುಲಗಾಮಿಲ್ಲದೆ. ನೊಣ ಕೂತರೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವ ಮನುಷ್ಯ ಹಲ್ಲು ಕಚ್ಚಿ ನಿಂತ. ಆಗ ಅವನಿಗೆ ಹೊಳೆಯಿತು.

ಕೀಲಿಯಮ್ಮ ಏದುಸಿರು ಬಿಡುತ್ತ ಮೇಲೆ ಬಂದಳು. "ಒಪ್ಪಲ್ಲ ಅಂತಾನೆ. ಮುಖ ಬಿಳಚಿಕೊಂಡಿದೆ ಕಣಯ್ಯ. ಏಳನೇ ಮಹಡಿಯವರು ಫೋನ್ ಮಾಡಿದಾರೆ, ಗಾಡಿ ಬರೋಕೆ ಹೊತ್ತಾಗುತ್ತಂತೆ."

"ಅಲ್ಲಿವರೆಗೆ ನನ್ನ ಕೈ ತಡೆಯಲ್ಲ, ಕೀಲಿಯಮ್ಮ. ಅಲ್ಲಿ ತಿರುಪುಳಿ ಇದೆ. ಆ ಮುಚ್ಚಳ ತೆಗೀರಿ. ಕರೆಂಟ್ ಇಲ್ಲ, ಹೆದರಬೇಡಿ."

ಆಕೆ ತಿರುಪು ಬಿಚ್ಚಿದಳು. ಮುಚ್ಚಳ ಸರಿಯಿತು. ನಾಲಿಗೆಗಳು ಕಾಣುತ್ತಲೇ ಇರಲಿಲ್ಲ. ಎಲ್ಲ ಕಡೆ ಕಪ್ಪು, ಮಿಸುಕುವ ಕಪ್ಪು, ಸುಟ್ಟ ಕಪ್ಪು. ಮೂಲೆಯಲ್ಲಿ ಬಿಳಿಯ ಮೊಟ್ಟೆಗಳ ರಾಶಿ.

"ಅಯ್ಯೋ, ಇವು ನನ್ನ ಕುಂಡದ ಕೆಳಗಿದ್ದವು" ಎಂದಳು ಕೀಲಿಯಮ್ಮ.

ಗಂಟಲಣ್ಣನ ಕಣ್ಣು ಹಗ್ಗದ ಬಿಳಿ ಗೆರೆಯ ಕಡೆ ತಿರುಗಿತು.

"ನಿನ್ನೆ ನೀನು ಒದ್ದಾಗ ಓಡಿದವು."

"ಗೊತ್ತಾಯ್ತು. ಒಂದು ಬಟ್ಟೇಲಿ ಬಾಚಿಕೊಳ್ಳಿ. ಸುಟ್ಟಿದ್ದನ್ನೂ. ತಗೊಂಡ್ಹೋಗಿ ಅವನಿಗೆ ತೋರಿಸಿ."

"ಎಲ್ಲಿಂದ ಬಂದ್ವು ಅಂತ ಕೇಳಿದ್ರೆ?"

ಚಕ್ರ ಅಂಗೈಯಲ್ಲಿ ಚೂರು ಜಾರಿತು. ಗಂಟಲಣ್ಣ ಮತ್ತೆ ಬಿಗಿಹಿಡಿದ. "ಇದ್ದದ್ದು ಇದ್ದ ಹಾಗೆ ಹೇಳಿ."

ಆ ವಯಸ್ಸಿನಲ್ಲಿ ಆಕೆ ಎರಡನೇ ಸಲ ಮೆಟ್ಟಿಲಿಳಿದಳು. ಗಂಟಲಣ್ಣ ಕಿವಿಯೆಲ್ಲ ರಂಧ್ರದ ಕಡೆ ಇಟ್ಟು ಕಾದ. ಬೆವರು ಹುಬ್ಬಿನಿಂದಿಳಿದು ಮೂಗಿನ ಮೇಲೆ ನಿಂತಿತು, ಅದನ್ನು ಸುತ್ತುಹಾಕಿಕೊಂಡು ಒಂದು ಇರುವೆ ಓಡಿತು.

"ನೋಡಪ್ಪ. ರಿಲೇ ತುಂಬ ಇವೇ. ನಿನ್ನ ಭಾವ ಕೋಲು ಮುಟ್ಟಿಲ್ಲ" ಎಂದಳು ಕೀಲಿಯಮ್ಮ.

ಭಾಮೈದ ಬಟ್ಟೆಯನ್ನು ಮೂಸಿ ನೋಡಿದ್ದಿರಬೇಕು.

"ಎಲ್ಲಿಂದ ಬಂದ್ವು?"

"ನನ್ನ ಕುಂಡದ ಕೆಳಗಿಂದ. ನಿನ್ನ ಭಾವ ನಿನ್ನೆ ಅದನ್ನ ಒದ್ದು ಒಡೆದ."

ಕೆಳಗಿನಿಂದ ನೋವಿನಲ್ಲಿ ಸಿಕ್ಕಿಹಾಕಿಕೊಂಡ ನಗುವಿನಂಥದೊಂದು ಸದ್ದು. "ಅಂದ್ರೆ ಕೈಯಲ್ಲಿ ಮಾಡಿಲ್ಲ, ಕಾಲಲ್ಲಿ ಮಾಡಿದಾರೆ."

ಅವನು ಕತ್ತೆತ್ತಿ ಕೇಳಿದ. "ಭಾವ. ಈಗ ಕೋಪ ಎಲ್ಲಿದೆ?"

ಗಂಟಲಣ್ಣ ಬಾಯಿ ತೆರೆದ. ಕೂಗಿದರೆ ಬಾವಿ ಮಾತನ್ನು ತಿಂದುಬಿಡುತ್ತದೆ. ಹೆಂಡತಿಯ ಕಿವಿಯಲ್ಲಿ ಕೂಡ ಎಂದೂ ಆಡದಷ್ಟು ಸಣ್ಣ ದನಿಯಲ್ಲಿ ಹೇಳಿದ. "ಇಲ್ಲ ಕಣೋ. ಹೆದರಿಕೆ ಇದೆ, ಅಷ್ಟೇ. ಕೈ ಸೋಲ್ತಿದೆ. ನೀನು ಹೇಳಿದ ಹಾಗೆ ಮಾಡ್ತೀನಿ."

ಕಂಬಿಯ ಮೇಲೆ ಸುತ್ತಿಗೆ ಬಿತ್ತು. ಒಂದು. ಎರಡು. ಮೂರು.

ಗಂಟಲಣ್ಣ ಮೋಟಾರಿನ ಕಬ್ಬಿಣಕ್ಕೆ ಬೂಟಿನ ಹಿಮ್ಮಡಿಯಿಂದ ಮೂರು ಸಲ ಬಡಿದ. ಕೀಲಿಯಮ್ಮ ಗೋಡೆ ಹಿಡಿದುಕೊಂಡು ಮೇಲೆ ಬಂದಾಗ ಆಕೆಗೆ ಗದ್ದದಿಂದಲೇ ಬ್ರೇಕಿನ ಸನ್ನೆಕೋಲು ತೋರಿಸಿದ. "ಎರಡೂ ಕೈಲಿ ಕೆಳಕ್ಕೆ ಒತ್ತಿ, ಬ್ರೇಕು ಸಡಿಲ ಆಗುತ್ತೆ. ನಾನು 'ಬಿಡಿ' ಅಂದ ತಕ್ಷಣ ಬಿಟ್ಟುಬಿಡಿ. ಒತ್ತಿದ ಕೂಡ್ಲೇ ಚಕ್ರ ನನ್ನನ್ನ ಎಳೆಯುತ್ತೆ. ನನ್ನ ಮುಖ ನೋಡಬೇಡಿ, ಕೈ ನೋಡಿ."

"ನಿನ್ನ ಕಣ್ಣೊಳಗೆ ಇರುವೆ ಇದೆಯಲ್ಲೋ!"

"ಇರ್ಲಿ. ಒತ್ತಿ."

ಬ್ರೇಕು ಬಿಟ್ಟಿತು. ಎದುರುತೂಕದ ಭಾರವೆಲ್ಲ ಅವನ ಹೆಗಲಿಗೆ ಬಂತು. ಚಕ್ರ ಒಂದು ಬೆರಳಿನಷ್ಟು ತಪ್ಪು ದಿಕ್ಕಿಗೆ ತಿರುಗಿತು, ಕೆಳಗಿನಿಂದ ಬಾಯಿ ಕಟ್ಟಿದ ನರಳಾಟ ಬಂತು. ಗಂಟಲಣ್ಣನ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. ಎಡಗಣ್ಣು ಉರಿಯುತ್ತಿತ್ತು, ಅದನ್ನು ಮುಚ್ಚಿ ಬಲಗಣ್ಣಿನಲ್ಲಿ ಬಿಳಿ ಗೆರೆಯನ್ನೇ ನೋಡಿದ. ಗೆರೆ ನಿಂತಿತು. ಆಮೇಲೆ, ಗಂಟು ಬಿದ್ದ ದಾರ ಬಿಡಿಸಿಕೊಂಡ ಹಾಗೆ, ಚಕ್ರ ಇತ್ತ ತಿರುಗಿತು. ಒಂದು ಹಲ್ಲಿನಷ್ಟು. ಇನ್ನೊಂದು ಹಲ್ಲು. ಅವನು ಉಸಿರಾಡುತ್ತಿರಲಿಲ್ಲ. ಅಂಗೈಯ ಚರ್ಮ ಕಿತ್ತುಬಂದು ಚಕ್ರ ಜಿಗುಟಾಯಿತು. ಇನ್ನೊಂದು.

ಕಂಬಿಯ ಮೇಲೆ ಒಂದೇ ಏಟು.

"ಬಿಡಿ!"

ಬ್ರೇಕು ಕಚ್ಚಿತು. ಕೆಳಗೆ ಏನೋ ಎಳೆದ ಸದ್ದು, ಮೈ ನೆಲಕ್ಕುರುಳಿದ ಸದ್ದು. "ಬಂದೆ" ಎಂದಿತು ಭಾಮೈದನ ದನಿ. "ಬೂಟು ಅಲ್ಲೇ ಉಳೀತು. ಕಾಲು ಬಂತು."

ಆಗಲೂ ಗಂಟಲಣ್ಣ ಚಕ್ರ ಬಿಡಲಿಲ್ಲ. ಕೀಲಿಯಮ್ಮ ಒಂದು ಮರದ ತುಂಡನ್ನು ಚಕ್ರಕ್ಕೆ ಅಡ್ಡ ಸಿಕ್ಕಿಸಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಆರನೇ ಮಹಡಿಯಲ್ಲಿ ಭಾಮೈದ ಗೋಡೆಗೊರಗಿ ಕುಳಿತಿದ್ದ. ಪಾದ ಕುಂಬಳದಂತೆ ಊದಿತ್ತು, ಎರಡು ಬೆರಳು ನೋಡುವಂತಿರಲಿಲ್ಲ. ಗಂಟಲಣ್ಣ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. ಭಾಮೈದನ ಭುಜದ ಮೇಲೆ ಓಡುತ್ತಿದ್ದ ಒಂದು ಇರುವೆಯನ್ನು ಊದಿ ಹಾರಿಸಿದ. ಹೊಸಕಲಿಲ್ಲ.

"ಬಾ, ಬೆನ್ನು ಹತ್ತು. ಗಾಡಿ ಕೆಳಗೆ ಬರುತ್ತೆ."

"ನಿಮ್ಮ ಕೈ ರಕ್ತ ಆಗಿದೆಯಲ್ಲ, ಭಾವ."

"ಬೆನ್ನು ಚೆನ್ನಾಗಿದೆ. ಹತ್ತು ಅಂದ್ನಲ್ಲ."

ಲಿಫ್ಟಿನ ಮನುಷ್ಯರಿಬ್ಬರೂ ಮೆಟ್ಟಿಲಿನಲ್ಲಿ ಇಳಿಯತೊಡಗಿದರು. ಪ್ರತಿ ಮೆಟ್ಟಿಲಿಗೂ ಭಾಮೈದನ ಉಸಿರು ಭಾವನ ಕಿವಿಯ ಬಳಿ ಕತ್ತರಿಸಿ ಬರುತ್ತಿತ್ತು. ಒಂದು ತಿರುವಿನಲ್ಲಿ ಅವನು ಹೇಳಿದ. "ವಾಸಿಯಾದ ಮೇಲೆ ನಾನು ಮೇಲೆ, ನೀವು ಬಾವಿ ಒಳಗೆ."

"ನಾನಾ? ಈ ಹೊಟ್ಟೆ ಇಟ್ಕೊಂಡು?"

"ಹೊಟ್ಟೆ ಇದ್ರೆ ಒಳ್ಳೇದು. ಚಾವಣಿಗೆ ಅಂಟಿಸೋಕೆ ಸುಲಭ."

ಗಂಟಲಣ್ಣ ಇನ್ನೂ ನಾಲ್ಕು ಮೆಟ್ಟಿಲು ಇಳಿದ ಮೇಲೆ "ಸರಿ" ಎಂದ.

ಅವರ ಹಿಂದೆಯೇ ಛತ್ರಿಯ ತುದಿ ಟಕ್ಕು ಟಕ್ಕು ಎನ್ನುತ್ತ ಏಳನೇ ಮಹಡಿಯ ಕನ್ನಡಕದವರು ಇಳಿದು ಬರುತ್ತಿದ್ದರು. ಮೂರನೇ ಮಹಡಿಯ ಬಳಿ ಅವರಿಬ್ಬರನ್ನು ಹಿಂದೆ ಹಾಕಿ, ನಿಂತು, ಗಂಟಲು ಸರಿಮಾಡಿಕೊಂಡರು.

"ಅಲ್ರೀ, ಸಂಜೆ ಒಳಗಾದ್ರೂ ಲಿಫ್ಟು ಸರಿಹೋಗುತ್ತೇನ್ರೀ?"

ಬೈಯಲೆಂದು ಗಂಟಲಣ್ಣನ ಎದೆ ಉಬ್ಬಿತು. ಬೆನ್ನ ಮೇಲಿದ್ದವನಿಗೆ ಅದು ತನ್ನದೇ ಹೊಟ್ಟೆಗೆ ತಗುಲಿ ಗೊತ್ತಾಯಿತು. ಮಸಿ ಮೆತ್ತಿದ ಅಂಗೈಯನ್ನು ತಂದು ಭಾವನ ಬಾಯಿಗೆ ಗಟ್ಟಿಯಾಗಿ ಒತ್ತಿದ.

"ಇವತ್ತಾಗಲ್ಲ ಸಾರ್" ಎಂದ ಭಾಮೈದ, ಮೆಲ್ಲಗೆ. "ಮೆಟ್ಟಿಲು ಮೈಗೆ ಒಳ್ಳೇದು."

ಕನ್ನಡಕದವರು ತಲೆಯಾಡಿಸಿ ಮುಂದೆ ಹೋದರು. ಛತ್ರಿಯ ಸದ್ದು ಪೂರ್ತಿ ಕೆಳಗಿಳಿಯುವವರೆಗೂ ಆ ಕೈ ಅಲ್ಲೇ ಇತ್ತು, ಗಂಟಲಣ್ಣನೂ ಅದನ್ನು ಸರಿಸಲಿಲ್ಲ.